ಅದಕ್ಕೆ ಕನ್ನಡದಲ್ಲಿ ಏನಂತಾರೆ?

ಮೂರು ವರ್ಷಗಳ ಹಿಂದೆ, ಅಕ್ಟೋಬರಿನ ಒಂದು ಶನಿವಾರ ಸಂಜೆ, ಟೋಕಿಯೋದ ಪಶ್ಚಿಮ ಅಂಚಿನ ಮಿತಾಕಾ ಊರಿನಲ್ಲಿ ನಮ್ಮ ಬಡಾವಣೆಯ ಮಕ್ಕಳಿಗೆ ಶನಿಗ್ರಹ ತೋರಿಸುವ ಕಾರ್ಯಕ್ರಮವೊಂದಿತ್ತು. ಅದರ ಮುಂದಾಳು ನಮ್ಮ ಬೀದಿಯ ತೋಫು ಅಂಗಡಿಯ ಹಿರಿಯರು. ನನ್ನ ನಾಲ್ಕು ಅಂಗುಲದ ದೂರದರ್ಶಕವನ್ನು ಹೊತ್ತುಕೊಂಡು ಹೋಗಿದ್ದ ನನ್ನ ಅಂಗಿಗೆ ಅವರು ಕಾಗದದ ಹೆಸರುಚೀಟಿಯೊಂದನ್ನು ಚುಚ್ಚಲು ಬಂದರು. ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಮೂರು ಅಕ್ಷರಗಳಿದ್ದವು: ತೆನ್, ಮೊನ್, ಕ. ಆಕಾಶ ನೋಡುವುದರಲ್ಲಿ ತೊಡಗಿದವರನ್ನು ಜಪಾನೀಯರು ಕರೆಯುವ ಹೆಸರು ಅದು. ನಾನು ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಈ ಹೆಸರಿಗೆ ಅರ್ಹನಲ್ಲ ಎಂದು ತಡೆದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ತಿಂಗಳಲ್ಲಿ ಎಷ್ಟು ರಾತ್ರಿ ಆಕಾಶ ನೋಡುತ್ತೀರಿ? ಮೋಡವಿಲ್ಲದ ರಾತ್ರಿಗಳಲ್ಲೆಲ್ಲ, ಎಂದೆ. ಹಾಗಾದರೆ ಬರೆದಿರುವುದು ಸರಿಯಾಗಿಯೇ ಇದೆ ಎಂದು ಚೀಟಿಯನ್ನು ಚುಚ್ಚಿ ಮುಂದಿನವರ ಕಡೆ ನಡೆದರು.

ಆ ಸಂತೋಷವನ್ನು ಹಂಚಿಕೊಳ್ಳಲು ರಾತ್ರಿ ನಮ್ಮೂರು ಸಾಗರಕ್ಕೆ ಫೋನು ಮಾಡಿದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಒಳ್ಳೇದಾಯ್ತು. ಅದಕ್ಕೆ ಕನ್ನಡದಲ್ಲಿ ಏನಂತಾರೆ? ಪಕ್ಕದ ಮನೆ ಅತ್ತೆಗೆ ಹೇಳ್ಬೇಕಲ್ಲ" ಎಂದರು. ಖಗೋಳ ವಿಜ್ಞಾನಿ ಎಂದರೆ ಸುಳ್ಳಾಗುತ್ತಿತ್ತು. ಹವ್ಯಾಸಿ ಖಗೋಳ ವೀಕ್ಷಕ ಎಂದೆ. "ಅದು ಪೇಪರಿನ ಮಾತು, ಬಾಯಿಗೆ ಬರಲ್ಲ" ಎಂದರು. ನಕ್ಷತ್ರ ನೋಡುವವನು ಎಂದು ಹೇಳು ಎಂದೆ. "ಹಾಗಂದ್ರೆ ನಾಳೆ ಬೆಳಿಗ್ಗೆ ಮಗಳ ಜಾತಕ ಹಿಡ್ಕೊಂಡು ಬರ್ತಾರೆ, ಬೇಡ" ಎಂದರು. ಅಲ್ಲಿಗೆ ನನ್ನಲ್ಲಿದ್ದ ಕನ್ನಡ ಪದಗಳು ಮುಗಿದಿದ್ದವು. ಹನ್ನೆರಡು ವರ್ಷದಿಂದ ಪರದೇಶದಲ್ಲಿರುವ ನನಗೆ ಕನ್ನಡ ಸಾಲದೆ ಹೋಯಿತು ಎಂದು ಅಂದು ಮೊದಲ ಬಾರಿಗೆ ಅನ್ನಿಸಿ ನೋವಾಯಿತು. ಆಮೇಲಿನ ದಿನಗಳಲ್ಲಿ ಜಪಾನೀಯರು ಆಕಾಶ ನೋಡುವವರನ್ನು ಕರೆಯುವ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದ್ದಕ್ಕೆ ಆ ನೋವೇ ಕಾರಣ.

ತೆನ್ ಎಂದರೆ ಆಕಾಶ. ಮೊನ್ ಎಂಬ ಅಕ್ಷರಕ್ಕೆ ಮೊದಲಿಗೆ ವಿನ್ಯಾಸ, ಗೆರೆಗಳ ಹೆಣಿಗೆ ಎಂಬ ಅರ್ಥವಿತ್ತು. ಈಗ ಅದು ಬರಹ ಎಂಬುದಕ್ಕೂ ನಿಲ್ಲುತ್ತದೆ. ಹಾಗಾಗಿ ತೆನ್‌ಮೊನ್ ಎಂದರೆ ಆಕಾಶದಲ್ಲಿ ಮೂಡಿರುವ ಬರಹ. ಅದನ್ನು ವಿದ್ಯೆಯಾಗಿ ಕಲಿತು ಸಂಶೋಧಿಸುವವರು ತೆನ್‌ಮೊನ್‌ಗಾಕುಶಾ. ಗಾಕು ಎಂದರೆ ಕಲಿಕೆ, ಶಾ ಎಂದರೆ ವ್ಯಕ್ತಿ. ವಿಶ್ವವಿದ್ಯಾಲಯ, ವೀಕ್ಷಣಾಲಯಗಳಲ್ಲಿ ಸಂಬಳ ಪಡೆದು ದುಡಿಯುವವರಿಗೆ ಸಲ್ಲುವ ಪದ ಇದು. ಇಷ್ಟು ನಮ್ಮಲ್ಲೂ ಇದೆ, ಖಗೋಳಶಾಸ್ತ್ರಜ್ಞ ಎನ್ನುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚೀಟಿಯ ಕೊನೆಯ ಅಕ್ಷರ. ‘ಕ’ ಎಂದು ಓದುವ ಆ ಅಕ್ಷರದ ಮೂಲಾರ್ಥ ಮನೆ. ಚಿತ್ರ ಬರೆಯುವವರು ಗಕ, ಕಾದಂಬರಿ ಬರೆಯುವವರು ಸಕ್ಕ, ಬೆಟ್ಟ ಹತ್ತುವವರು ತೊಜಾನ್‌ಕ. ಪುಸ್ತಕದಿಂದ ತಲೆ ಎತ್ತದವರನ್ನು ದೊಕುಶೊಕ ಎನ್ನುತ್ತಾರೆ, ಪಟ್ಟುಹಿಡಿದು ಶ್ರಮಿಸುವವರನ್ನು ದೊರ್ಯೊಕುಕ ಎನ್ನುತ್ತಾರೆ. ಇವರಲ್ಲಿ ಯಾರಿಗೂ ಪದವಿ ಪ್ರಮಾಣಪತ್ರ ಬೇಕಿಲ್ಲ. ಯಾವುದೋ ಒಂದು ಕೆಲಸ ಒಬ್ಬರಲ್ಲಿ ಮನೆ ಮಾಡಿಕೊಂಡಿದೆ ಎಂಬುದೊಂದೇ ಆ ಅಕ್ಷರ ಹೇಳುವ ಮಾತು.

ನಮ್ಮ ಶಾಸ್ತ್ರಜ್ಞ, ತಜ್ಞ, ವಿಜ್ಞಾನಿ ಎಂಬ ಪದಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎಲ್ಲದರೊಳಗೂ ಒಂದು ‘ಜ್ಞ’ ಕುಳಿತಿದೆ. ಬಲ್ಲವನು ಎಂದು ಮೊದಲೇ ಸಾರಿಬಿಡುವ ಪದಗಳಿವು. ಬಲ್ಲೆನೋ ಇಲ್ಲವೋ ತಿಳಿಯದ, ಆದರೆ ಮಾಘದ ಚಳಿಯಲ್ಲೂ ಅಂಗಳಕ್ಕಿಳಿಯದೆ ಇರಲಾರದ ಮನುಷ್ಯನಿಗೆ ಅವು ಒಗ್ಗುವುದಿಲ್ಲ. ಇನ್ನೂ ಸಂಕಟದ ಸಂಗತಿಯೆಂದರೆ ಜಾತಕ ನೋಡುವವರನ್ನು ಗೌರವದಿಂದ ಕರೆಯುವ ದೈವಜ್ಞ ಎಂಬ ಪದದಲ್ಲೂ ಅದೇ ‘ಜ್ಞ’ ಇದೆ. ಎರಡು ಬೇರೆ ಬೇರೆ ದಾರಿಗಳ ಬಾಗಿಲಿಗೆ ನಾವು ಒಂದೇ ಚಿಲಕ ಹಾಕಿದ್ದೇವೆ. ಉಳಿದದ್ದು ಹವ್ಯಾಸಿ. ಅಂಚೆಚೀಟಿ ಕೂಡಿಸುವವರಿಂದ ಹಿಡಿದು ನಾಟಕದ ತಂಡದವರೆಗೆ ಎಲ್ಲರಿಗೂ ಹೊಂದುವ ಆ ಪದ, ಇದು ಇವರ ನಿಜವಾದ ಕೆಲಸವಲ್ಲ ಎಂಬ ಸೂಚನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಜಪಾನಿನಲ್ಲಿ ಇನ್ನೂ ಒಂದು ಪದವಿದೆ, ಅದನ್ನು ಕೇಳಿದಾಗಲಂತೂ ಮನಸ್ಸು ಅರಳಿತು. ತೋಫು ಮಾರುವ ಅಂಗಡಿ ತೋಫುಯ, ಮೀನಿನ ಅಂಗಡಿ ಸಕಾನಾಯ, ಪುಸ್ತಕದಂಗಡಿ ಹೊನ್‌ಯ. ಆ ‘ಯ’ ಅಂಗಡಿಗೂ ಹೌದು, ಅಂಗಡಿಯವರಿಗೂ ಹೌದು. ಸಂಶೋಧನೆಯೇ ಬದುಕಾದ ಖಗೋಳ ವಿಜ್ಞಾನಿಗಳು ತಮ್ಮತಮ್ಮಲ್ಲಿ ಮಾತನಾಡುವಾಗ ತಮ್ಮನ್ನು ತೆನ್‌ಮೊನ್‌ಯ ಎಂದುಕೊಳ್ಳುತ್ತಾರೆ, ಭೌತವಿಜ್ಞಾನಿಗಳು ಬುತ್ಸುರಿಯ ಎಂದುಕೊಳ್ಳುತ್ತಾರೆ. ಹೊರಗಿನವರು ಹಾಗೆ ಕರೆದರೆ ಹಗುರಾಗಬಹುದು, ತಾವೇ ಹೇಳಿಕೊಂಡಾಗ ಅದು ವಿನಯ. ದೊಡ್ಡ ದೂರದರ್ಶಕದ ಮುಂದೆ ಕೂರುವವರು ಬೀದಿಯ ತೋಫು ಅಂಗಡಿಯ ಹೆಸರಿನ ಬಾಲವನ್ನೇ ತಮಗೆ ಅಂಟಿಸಿಕೊಳ್ಳುತ್ತಾರೆ, ತೋಫು ಅಂಗಡಿಯವರು ತೆನ್‌ಮೊನ್‌ಕ ಎಂದು ಎದೆಗೆ ಚೀಟಿ ಚುಚ್ಚಿಕೊಳ್ಳುತ್ತಾರೆ. ಈ ಕೊಡುಕೊಳ್ಳುವಿಕೆ ಎಷ್ಟು ಸಹಜವಾಗಿ ನಡೆಯುತ್ತದೆಯೆಂದರೆ ಇಲ್ಲಿಯವರು ಯಾರೂ ಅದನ್ನು ಗಮನಿಸಿದಂತೆ ಕಾಣುವುದಿಲ್ಲ.

ಪದಕ್ಕೆ ತಕ್ಕ ಮನುಷ್ಯರೂ ಇಲ್ಲಿದ್ದಾರೆ. 1963ರ ಜನವರಿಯಲ್ಲಿ ತಾನೇ ಕಟ್ಟಿಕೊಂಡ ದೂರದರ್ಶಕದಿಂದ ಹೊಸ ಧೂಮಕೇತುವೊಂದನ್ನು ಕಂಡುಹಿಡಿದ ಕಾವೊರು ಇಕೆಯಾ ಅವರಿಗೆ ಆಗ 19 ವರ್ಷ, ಅವರು ಪಿಯಾನೊ ಕಾರ್ಖಾನೆಯ ಕಾರ್ಮಿಕರು. ಎರಡು ವರ್ಷದ ನಂತರ, 1965ರ ಸೆಪ್ಟೆಂಬರಿನ ಒಂದೇ ಮುಂಜಾನೆ ಅವರೂ, ದೂರದ ಕೋಚಿ ಊರಿನಲ್ಲಿ ಗಿಟಾರು ಪಾಠ ಹೇಳುತ್ತಿದ್ದ ತ್ಸುತೊಮು ಸೆಕಿ ಅವರೂ, ಒಬ್ಬರಿಗೊಬ್ಬರು ತಿಳಿಯದಂತೆ ಮತ್ತೊಂದು ಧೂಮಕೇತುವನ್ನು ಕಂಡರು. ಇಕೆಯಾ-ಸೆಕಿ ಎಂದು ಹೆಸರಾದ ಅದು ಮುಂದಿನ ತಿಂಗಳು ಹಗಲಿನಲ್ಲೇ ಸೂರ್ಯನ ಮಗ್ಗುಲಲ್ಲಿ ಕಾಣುವಷ್ಟು ಬೆಳಗಿತು. ಯಾಮಾಗಾತಾದ ಕೊಇಚಿ ಇತಾಗಾಕಿ ಅವರು ಕಡಲೆ, ಬೀಜಗಳ ತಿನಿಸು ತಯಾರಿಸುವ ಸಂಸ್ಥೆಯನ್ನು ನಡೆಸಿದವರು. ಅವರೊಬ್ಬರೇ ಕಂಡುಹಿಡಿದ ಸೂಪರ್‌ನೋವಾಗಳ, ಎಂದರೆ ಸಿಡಿದು ಬೆಳಗುವ ನಕ್ಷತ್ರಗಳ, ಸಂಖ್ಯೆ 150 ದಾಟಿದೆ. ಪತ್ರಿಕೆಗಳು ಇಂಥವರನ್ನು ಬಹಳಮಟ್ಟಿಗೆ ಅಮಚುವಾ ತೆನ್‌ಮೊನ್‌ಕ ಎಂದು ಬರೆಯುತ್ತವೆ. ಅಮಚುವಾ ಎಂಬ ಇಂಗ್ಲಿಷ್ ಮೂಲದ ಮುನ್ನುಡಿಯನ್ನು ತೆಗೆದರೂ ಪದ ಕುಂಟುವುದಿಲ್ಲ. ನಮ್ಮ ‘ಹವ್ಯಾಸಿ ಖಗೋಳ ವಿಜ್ಞಾನಿ’ಯಿಂದ ಹವ್ಯಾಸಿಯನ್ನು ತೆಗೆದು ನೋಡಿ, ಉಳಿದದ್ದು ಸುಳ್ಳಾಗುತ್ತದೆ.

ಊರಿನ ಮೇಲಿನ ಅಸಹನೆಯನ್ನೂ ಹೇಳಿಬಿಡುತ್ತೇನೆ. 2012ರ ಮೇ 21ರ ಬೆಳಿಗ್ಗೆ ಟೋಕಿಯೋದಲ್ಲಿ ಕಂಕಣ ಸೂರ್ಯಗ್ರಹಣವಾಯಿತು. ತೆಳುಮೋಡಗಳ ನಡುವೆ ಉಂಗುರ ಕಾಣಿಸಿದಾಗ ಶಾಲೆಗೆ ಹೊರಟ ಮಕ್ಕಳು, ಕಚೇರಿಗೆ ಹೊರಟ ಹಿರಿಯರು ರಸ್ತೆಯಂಚಿನಲ್ಲಿ ಕಪ್ಪು ಕನ್ನಡಕ ಹಿಡಿದು ನಿಂತಿದ್ದನ್ನು, ಆಗಷ್ಟೇ ಇಲ್ಲಿಗೆ ಬಂದಿದ್ದ ನಾನು ಕಣ್ಣಾರೆ ಕಂಡೆ. 2019ರ ಡಿಸೆಂಬರ್ 26ರಂದು ಅಂಥದೇ ಕಂಕಣ ಮಂಗಳೂರಿನ ಮೇಲೆ ಬಂದಾಗ ರಜೆ ಹಾಕಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬೀದಿ ಬಿಕೋ ಎನ್ನುತ್ತಿತ್ತು. ಒಳಗೆ ನೀರಿನ ಕೊಡದ ಮೇಲೆ ದರ್ಭೆ, ಮೂಲೆಯಲ್ಲಿ ಟಿವಿ. ಟಿವಿಯಲ್ಲಿ ಒಂದು ಮೇಜಿನ ಒಂದು ಬದಿಗೆ ಖಗೋಳ ತಜ್ಞರು, ಇನ್ನೊಂದು ಬದಿಗೆ ದೈವಜ್ಞರು. ಒಂದೇ ಪ್ರಶ್ನೆಯನ್ನು ಇಬ್ಬರಿಗೂ ಕೇಳಿ, ಇಬ್ಬರ ಉತ್ತರವನ್ನೂ ಸಮವಾಗಿ ತೂಗುತ್ತಿದ್ದರು. ನಾನು ಹಿತ್ತಿಲಿನಲ್ಲಿ ನಿಂತು ಕಂಕಣ ನೋಡಿ ಒಳಗೆ ಬಂದಾಗ ಚಿಕ್ಕಮ್ಮನ ಮೊಮ್ಮಗಳು, "ಮಾವ, ನೀವು ಯಾವ ಕಡೆಯವರು?" ಎಂದಳು. ಏಳು ವರ್ಷದ ಹುಡುಗಿ. ಆ ಮೇಜಿಗೆ ಎರಡೇ ಬದಿಗಳಿವೆ ಎಂದು ಅವಳಾಗಲೇ ಕಲಿತಿದ್ದಳು. ಬರೇ ನೋಡಬೇಕೆಂದು ನೋಡುವವರಿಗೆ ಅಲ್ಲಿ ಕುರ್ಚಿ ಇರಲಿಲ್ಲ, ಕರೆಯಲು ಹೆಸರೂ ಇರಲಿಲ್ಲ.

ಜಪಾನಿನ ಈ ಪದ ಹುಟ್ಟುವಾಗಲೇ ಹೀಗಿರಲಿಲ್ಲ ಎಂಬುದು ತಿಳಿದದ್ದು ನಿಧಾನವಾಗಿ. ಕ್ರಿ.ಶ. 675ರಲ್ಲಿ ಇಲ್ಲಿ ಮೊತ್ತಮೊದಲ ವೀಕ್ಷಣಾ ವೇದಿಕೆ ಕಟ್ಟಿದಾಗ ಅದಕ್ಕಿಟ್ಟ ಹೆಸರು ಸೆನ್‌ಸೆಯ್‌ದಾಯ್, ಎಂದರೆ ನಕ್ಷತ್ರ ನೋಡಿ ಶಕುನ ಹೇಳುವ ಕಟ್ಟೆ. ಎಂಟನೆಯ ಶತಮಾನದ ರಾಜಶಾಸನದ ಪ್ರಕಾರ ಶಕುನ, ಪಂಚಾಂಗಗಳನ್ನು ನೋಡಿಕೊಳ್ಳುವ ಯಿನ್-ಯಾಂಗ್ ಇಲಾಖೆಯಲ್ಲಿ ಒಬ್ಬ ತೆನ್‌ಮೊನ್ ಹಕಾಸೆ, ಅವನ ಕೈಕೆಳಗೆ ಹತ್ತು ವಿದ್ಯಾರ್ಥಿಗಳು. ಹಕಾಸೆ ಎಂದರೆ ಇಂದಿನ ಮಾತಿನಲ್ಲಿ ಡಾಕ್ಟರೇಟ್ ಪಡೆದವರು, ಅಂದು ಅದು ಹುದ್ದೆಯ ಹೆಸರು. ಆಕಾಶದಲ್ಲಿ ಏನಾದರೂ ಅಸಹಜ ಕಂಡರೆ ಅದರ ಶಕುನವನ್ನು ಬರೆದು, ಮುದ್ರೆ ಹಾಕಿ, ಚಕ್ರವರ್ತಿಗೆ ಗುಟ್ಟಾಗಿ ಮುಟ್ಟಿಸುವುದು ಅವನ ಕೆಲಸ. ಇಂದಿಗೂ ಮಾಂತ್ರಿಕನೆಂದು ಕಥೆಗಳಲ್ಲಿ ಬದುಕಿರುವ ಆಬೆ ನೊ ಸೆಯ್‌ಮೆಯ್ ಹತ್ತನೆಯ ಶತಮಾನದಲ್ಲಿ ಇದೇ ಹುದ್ದೆಯಲ್ಲಿದ್ದವನು. ಖಾಸಗಿ ವ್ಯಕ್ತಿಗಳು ಆಕಾಶ ನೋಡುವ ಉಪಕರಣವನ್ನಾಗಲಿ ಆಕಾಶಶಾಸ್ತ್ರದ ಗ್ರಂಥವನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು ಆ ಕಾಲದ ಶಾಸನದಲ್ಲಿ ಶಿಕ್ಷಾರ್ಹ ಅಪರಾಧ. ನನ್ನಂಥವನ ಎದೆಗೆ ಆಗ ಚೀಟಿ ಚುಚ್ಚುತ್ತಿರಲಿಲ್ಲ, ಕೈಗೆ ಕೋಳ ತೊಡಿಸುತ್ತಿದ್ದರು.

ಪದದ ಮೇಲಿನ ಆ ಬೀಗವನ್ನು ಕಾಲಕಾಲಕ್ಕೆ ಬಂದವರು ಸಡಿಲಿಸುತ್ತ ಹೋದರು. ಕ್ರಿ.ಶ. 862ರಿಂದ ಎಂಟು ಶತಮಾನಕ್ಕೂ ಹೆಚ್ಚು ಕಾಲ ಬಳಸಿ, ಎರಡು ದಿನದಷ್ಟು ತಪ್ಪು ಸೇರಿಕೊಂಡಿದ್ದ ಚೀನೀ ಪಂಚಾಂಗವನ್ನು ಬಿಡಿಸಿ 1685ರಲ್ಲಿ ಹೊಸ ಪಂಚಾಂಗ ತಂದ ಶಿಬುಕಾವಾ ಶುಂಕಾಯ್, ‘ಗೊ’ ಎಂಬ ಮಣೆಯಾಟದ ಆಟಗಾರರ ಮನೆತನದವರು. ದೇಶವಾಳುತ್ತಿದ್ದ ಸೇನಾಧಿಪತಿ ಶೋಗುನ್‌ನ ಸರ್ಕಾರ ಅವರಿಗಾಗಿ ತೆನ್‌ಮೊನ್‌ಕತ ಎಂಬ ಸರ್ಕಾರಿ ಖಗೋಳಜ್ಞರ ಹುದ್ದೆಯನ್ನೇ ತೆರೆಯಿತು. ನೂರು ವರ್ಷ ಕಳೆದ ಮೇಲೆ, ಅಕ್ಕಿಯ ಸಾಕೆ ಮದ್ಯ ತಯಾರಿಸುವ ಮನೆತನದ ಇನೊ ತಾದತಾಕಾ ವ್ಯವಹಾರವನ್ನು ಮಗನಿಗೆ ಒಪ್ಪಿಸಿ, 50ರ ವಯಸ್ಸಿನಲ್ಲಿ ಇಂದಿನ ಟೋಕಿಯೋ ಆದ ಎದೊ ನಗರಕ್ಕೆ ಬಂದು, ತನಗಿಂತ 19 ವರ್ಷ ಕಿರಿಯರಾದ ತೆನ್‌ಮೊನ್‌ಕತ ತಾಕಾಹಾಶಿ ಯೊಶಿತೊಕಿ ಅವರ ಶಿಷ್ಯರಾದರು. ಅಕ್ಷಾಂಶದ ಒಂದು ಡಿಗ್ರಿ ಎಷ್ಟು ದೂರವೆಂದು ತಿಳಿಯುವ ಆಸೆಯಿಂದ 1800ರಲ್ಲಿ ನಡೆಯತೊಡಗಿದ ಆ ಹಿರಿಯರು ಹಗಲು ನೆಲವನ್ನೂ ರಾತ್ರಿ ನಕ್ಷತ್ರವನ್ನೂ ಅಳೆಯುತ್ತ ಜಪಾನಿನ ಕರಾವಳಿಯನ್ನೇ ನಕ್ಷೆಗಿಳಿಸಿದರು. ಅವರು ತೀರಿಕೊಂಡ ಮೂರು ವರ್ಷಕ್ಕೆ, 1821ರಲ್ಲಿ ನಕ್ಷೆ ಪೂರ್ಣಗೊಂಡಿತು. ಟೋಕಿಯೋದ ಉಯೆನೊ ಬಳಿಯ ಗೆಂಕೂಜಿ ದೇಗುಲದಲ್ಲಿ ಗುರುವಿನ ಸಮಾಧಿಯ ಮಗ್ಗುಲಲ್ಲೇ ಅವರ ಸಮಾಧಿಯಿದೆ. ಅಲ್ಲಿಗೆ ಹೋದಾಗಲೆಲ್ಲ ಕೈಮುಗಿದು ಬರುತ್ತೇನೆ.

ಶೋಗುನ್ ಆಳ್ವಿಕೆಯ ನಂತರ ಬಂದ ಮೆಯ್‌ಜಿ ಸರ್ಕಾರ 1870ರಲ್ಲಿ ಹಳೆಯ ಯಿನ್-ಯಾಂಗ್ ಇಲಾಖೆಯನ್ನು ಮುಚ್ಚಿತು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಗೆ ಮೊದಲು ಸೆಯ್‌ಗಾಕು, ಎಂದರೆ ನಕ್ಷತ್ರವಿದ್ಯೆ ಎಂಬ ಹೆಸರಿತ್ತು. 1919ರಲ್ಲಿ ಅದನ್ನು ಬಿಟ್ಟು ಹಳೆಯ ತೆನ್‌ಮೊನ್ ಪದಕ್ಕೇ ಮರಳಿದರು. ಮರುವರ್ಷ, 1920ರಲ್ಲಿ, ಕ್ಯೋತೊದ ಯಾಮಾಮೊತೊ ಇಸ್ಸೆಯ್ ಎಂಬ ಪ್ರಾಧ್ಯಾಪಕರು ಜನಸಾಮಾನ್ಯರನ್ನೂ ಕೂಡಿಸಿಕೊಂಡು ತೆನ್‌ಮೊನ್ ದೋಕೋಕಾಯ್, ಎಂದರೆ ಆಕಾಶದ ಮೇಲೆ ಒಂದೇ ಬಗೆಯ ಅಕ್ಕರೆ ಇರುವವರ ಕೂಟವನ್ನು ಕಟ್ಟಿದರು. ಶಕುನದ ಪಾಲಿಗೆ ಸೆನ್‌ಸೆಯ್ ಎಂಬ ಪದ ಉಳಿಯಿತು. ಜಾತಕ ನೋಡುವವರು ಇಂದು ಸೆನ್‌ಸೆಯ್‌ಜುತ್ಸುಶಿ. ಸಾವಿರ ವರ್ಷ ಅರಮನೆಯಲ್ಲಿ ಶಕುನ ಹೊತ್ತು ನಿಂತಿದ್ದ ತೆನ್‌ಮೊನ್ ಎಂಬ ಪದವನ್ನೇ ತೊಳೆದು ಬೆಳಗಿಸಿ ವಿಜ್ಞಾನಕ್ಕೂ ಬೀದಿಯ ಮಕ್ಕಳಿಗೂ ಕೊಟ್ಟ ಈ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ. ಜ್ಯೋತಿಷ ಎಂಬ ಪದಕ್ಕೆ ನಾವು ಹಾಗೆ ಮಾಡಲಿಲ್ಲ. ಜ್ಯೋತಿ ಎಂಬ ಬೆಳಕನ್ನೇ ಒಳಗಿಟ್ಟುಕೊಂಡ, ಗಣಿತವನ್ನು ತನ್ನ ಮೊದಲ ಸ್ಕಂಧವೆಂದು ಎಣಿಸಿದ ಆ ಪದವನ್ನು ಜಾತಕಕ್ಕೆ ಬಿಟ್ಟುಕೊಟ್ಟು, ಶಾಲೆಯ ಪುಸ್ತಕಕ್ಕಾಗಿ ಖಗೋಳ ಎಂಬ ಮತ್ತೊಂದನ್ನು ಎತ್ತಿಕೊಂಡೆವು. ಅದು ಪರೀಕ್ಷೆಯ ಹಾಳೆಯಿಂದ ಅಂಗಳಕ್ಕೆ ಇಳಿದು ಬರಲೇ ಇಲ್ಲ.

ಇದನ್ನೆಲ್ಲ ತೋಫು ಅಂಗಡಿಯ ಹಿರಿಯರ ಮುಂದೆ ಒಂದು ದಿನ ಹೇಳಿಕೊಂಡಾಗ, ಅವರು ನಿಮ್ಮ ದೇಶದಿಂದ ಬಂದದ್ದು ನಮ್ಮಲ್ಲೂ ಇದೆಯಲ್ಲ ಎಂದು ಸುಕುಯೋ ಎಂಬ ಮಾತನ್ನೆತ್ತಿದರು. ಚೀನಾದಲ್ಲಿ ಅಮೋಘವಜ್ರರೆಂಬ ಬೌದ್ಧ ಭಿಕ್ಷು ಅನುವಾದಿಸಿದ ಸುಕುಯೋ ಸೂತ್ರವನ್ನು ಕೂಕಾಯ್ ಎಂಬ ಭಿಕ್ಷು 806ರಲ್ಲಿ ಜಪಾನಿಗೆ ತಂದರು. ಅದರಲ್ಲಿರುವುದು ನಮ್ಮ ನಕ್ಷತ್ರಗಳೂ ವಾರಗಳೂ. ಅದನ್ನು ಬಲ್ಲ ಭಿಕ್ಷುಗಳಿಗೆ ಸುಕುಯೋಶಿ ಎಂಬ ಹೆಸರು ಬಂತು. ನವಗ್ರಹಗಳು ಇಲ್ಲಿ ಕುಯೋ ಆದರು, ರಾಹು ರಾಗೊ ಆದ, ಕೇತು ಕೆಯ್‌ತೊ ಆದ. ರಾಹುವಿನ ಹೆಸರನ್ನು ಆ ಹಿರಿಯರ ಬಾಯಲ್ಲಿ ಕೇಳಿದಾಗ ಕಣ್ಣು ತುಂಬಿ ಬಂತು. ನಾವು ಕಳಿಸಿದ ನಕ್ಷತ್ರಗಳೂ ಇಲ್ಲಿ ಜನ್ಮಫಲ ನೋಡುವವರ ಕೈಗೇ ಸೇರಿದವು.

ಹೀಗಿರುವಾಗ ಒಪ್ಪಿಕೊಳ್ಳಬೇಕಾದ ಕೆಲವು ಮಾತುಗಳಿವೆ. ಇಲ್ಲಿನ ಟಿವಿಗಳಲ್ಲೂ ಬೆಳಗಿನ ಸುದ್ದಿಯ ನಡುವೆ ರಾಶಿಫಲ ಬರುತ್ತದೆ, ನನ್ನ ಸಹೋದ್ಯೋಗಿಗಳು ಅದನ್ನು ನೋಡಿಯೇ ಮನೆಯಿಂದ ಹೊರಡುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ತಾಯ್‌ಆನ್ ಎಂದು ಬರೆದ ದಿನ ಮದುವೆಗೆ ಶುಭ, ಬುತ್ಸುಮೆತ್ಸು ಎಂದು ಬರೆದ ದಿನ ಅಶುಭ. ನನ್ನ ವ್ಯವಸ್ಥಾಪಕರು ಮಗಳ ಮದುವೆಯ ದಿನ ಗೊತ್ತುಮಾಡಿದ್ದು ಹಾಗೆಯೇ. ಮೇಷ್ಟ್ರ ಮುಂದೆ ವಿಜ್ಞಾನ, ಮದುವೆಯ ಮುಂದೆ ಮುಹೂರ್ತ ಎಂಬುದು ಎರಡೂ ಕಡೆ ಇದೆ.

ಊರಿನ ಬಗ್ಗೆ ಹೇಳಬೇಕಾದದ್ದು ಇನ್ನೂ ಕಷ್ಟದ ಮಾತು. ನನಗೆ ಮೊತ್ತಮೊದಲು ಆಕಾಶ ತೋರಿಸಿದವರು ನಮ್ಮೂರಿನ ಜೋಯಿಸರು. ಆರಿದ್ರಾ ಮಳೆ ಹಿಡಿಯುವ ಮುಂಚೆ, ಅಡಿಕೆ ಕೊಟ್ಟಿಗೆಯ ಎದುರಿನ ಅಂಗಳದಲ್ಲಿ, ಎಂಟು ವರ್ಷದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಪ್ತರ್ಷಿಗಳ ಬಾಲದ ಬಾಗನ್ನು ಬೆರಳಿನಿಂದ ಎಳೆಯುತ್ತ ಹೋಗಿ ಸ್ವಾತಿಯನ್ನೂ, ಅದರಾಚೆಗೆ ಚಿತ್ತೆಯನ್ನೂ ತೋರಿಸಿದರು. ಯುಗಾದಿಯ ದಿನ ಪಂಚಾಂಗ ಓದುವಾಗ ಅವರ ದನಿ ಬೇರೆ, ಆ ರಾತ್ರಿಯ ದನಿ ಬೇರೆ. ಅವರು ಗ್ರಹಣದ ಸ್ಪರ್ಶ-ಮೋಕ್ಷದ ಕಾಲವನ್ನು ಕೈಯಲ್ಲೇ ಗುಣಿಸುತ್ತಿದ್ದರು, ಜಾತಕವನ್ನೂ ಬರೆಯುತ್ತಿದ್ದರು. ಅವರ ಅಂಗಳದಲ್ಲಿ ಎರಡು ಬದಿಯ ಮೇಜು ಇರಲಿಲ್ಲ. ನಾನು ಇಷ್ಟು ಹೊತ್ತು ದೂರಿದ ಆ ಬೆರಕೆಯಿಂದಲೇ ನನ್ನ ಆಕಾಶ ಶುರುವಾಯಿತು ಎಂಬುದನ್ನು ಬಚ್ಚಿಡಲಾರೆ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಇಂದು ದೂರದರ್ಶಕ ಹೊತ್ತು ಊರಾಚೆಗೆ ಹೋಗುವ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೂ ಪದ ಸಿಕ್ಕಿಲ್ಲ, ಆದರೂ ಹೋಗುತ್ತಾರೆ.

ಆದರೂ ಪದ ಬೇಕು ಎಂಬ ನನ್ನ ಆಸೆ ಹೋಗಿಲ್ಲ. ಹಾಡುಗಾರ, ಬೇಟೆಗಾರ, ಲೆಕ್ಕಿಗ, ಓದುಗ ಎಂದು ಮನುಷ್ಯನನ್ನು ಅವನ ಕೆಲಸದಿಂದ ಕರೆಯುವ ಕಲೆ ಕನ್ನಡಕ್ಕೆ ಚೆನ್ನಾಗಿ ಗೊತ್ತು. ಆಕಾಶದ ಬರಹ ಎಂಬ ಅರ್ಥವನ್ನು ಹಿಡಿದು ‘ಬಾನೋದುಗ’ ಎಂಬುದನ್ನು ಅಮ್ಮನಿಗೆ ಹೇಳಿ ನೋಡಿದೆ. ಎರಡು ಸಲ ಬಾಯಲ್ಲಿ ಹೊರಳಿಸಿ, "ಪೇಪರಿನ ಮಾತಿಗಿಂತ ವಾಸಿ" ಎಂದರು.

ಕಳೆದ ಕಾರ್ತಿಕದ ಬಹುಳದಲ್ಲಿ ಒಂದು ರಾತ್ರಿ ಅವರೇ ಫೋನು ಮಾಡಿದರು. ಅಲ್ಲಿ ಎಂಟು ಗಂಟೆ, ತುಳಸಿ ಕಟ್ಟೆಗೆ ದೀಪವಿಟ್ಟು ಪೂರ್ವಕ್ಕೆ ನೋಡಿದಾಗ ಕೃತ್ತಿಕೆ ಕಂಡಿತಂತೆ. ಇಲ್ಲಿ ಹನ್ನೊಂದೂವರೆ, ಅದು ಹೆಚ್ಚುಕಡಿಮೆ ನನ್ನ ನೆತ್ತಿಯ ಮೇಲಿತ್ತು. ಜಪಾನಿನಲ್ಲಿ ಅದಕ್ಕೆ ಸುಬಾರು ಎನ್ನುತ್ತಾರೆ, ಹಳ್ಳಿಗಳ ಮಾತಿನಲ್ಲಿ ಮುತ್ಸುರಾಬೊಶಿ, ಎಂದರೆ ಸಾಲುಗೂಡಿದ ಆರು ಚುಕ್ಕಿ, ಎಂದು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಣಿಸುತ್ತಿದ್ದರು. "ಹೌದು, ಆರೇ" ಎಂದರು.